ನಾಲ್ಕನೇ ಗಂಟೆಯ ಹುಡುಗಿಗೆ ಬೆಳ್ಳಿ ಬಿಲ್ಲೆ

ಮಾನ್ಯ ಅಧ್ಯಕ್ಷೆ ಶ್ರೀಮತಿ ಆಡ್ರಿ ಫುಲ್‌ಫೋರ್ಡ್ ಅವರೇ, ಕೊರಳ ಸರದ ಭಾರಕ್ಕೆ ತಲೆ ತುಸು ಬಾಗಿದಂತೆ ಕಾಣುವ ಮಾನ್ಯ ಮೇಯರ್ ಅವರೇ, ಪ್ರಶಸ್ತಿ ಪಡೆದ ಎಳೆಯರೇ, ಆ ಪ್ರಶಸ್ತಿಗಾಗಿ ಅವರನ್ನು ವಾರವಿಡೀ ಕಾರಿನಲ್ಲಿ ಹೊತ್ತು ತಿರುಗಿದ ಹಿರಿಯರೇ, ಚಹಾದ ಹಂಡೆಯ ಪಕ್ಕದಲ್ಲೇ ಕುರ್ಚಿ ಹಿಡಿದ ದೂರದೃಷ್ಟಿಯ ಮಹನೀಯರೇ, ಮಳೆಗೆ ಹೆದರಿ ಮನೆಯಲ್ಲೇ ಉಳಿದರೂ ನಾಳೆ ಅಂಗಡಿಯಲ್ಲಿ ‘ಭಾಷಣ ಬಹಳ ಉದ್ದವಾಯಿತಂತೆ’ ಎಂದು ಖಂಡಿತ ಹೇಳಲಿರುವ, ಕಣ್ಣಿಗೆ ಕಾಣದ ಸಭಿಕರೇ, ನಿಮ್ಮೆಲ್ಲರಿಗೂ ವಂದನೆಗಳು.

ನನಗೆ ಕೊಟ್ಟ ವಿಷಯ ‘ಯುವಜನರು ಮತ್ತು ಹೊಸ ಹವ್ಯಾಸಗಳು’. ಕೊಟ್ಟ ಸಮಯ ಐದು ನಿಮಿಷ. ವಿಷಯ ಮೀರಬಾರದು, ಸಮಯ ಮೀರಬಾರದು ಎಂದು ಅಧ್ಯಕ್ಷರು ಹೇಳಿದ್ದಾರೆ. ಎರಡನ್ನೂ ಮೀರುವ ಲಕ್ಷಣಗಳು ನನಗೆ ಈಗಲೇ ಕಾಣುತ್ತಿವೆ.

ನಾನು ನೀಲ್ ಲಸ್ಕಂಬ್. ಹಗಲು ಹೊತ್ತು ಕಾರು ಕಲಿಸುತ್ತೇನೆ. ಮಂಗಳವಾರ ಸಂಜೆ ನಮ್ಮ ನೆದರ್‌ಕೂಂಬ್ ಚರ್ಚಿನ ಗೋಪುರದಲ್ಲಿ ಗಂಟೆ ಬಾರಿಸುವುದನ್ನು ಕಲಿಸುತ್ತೇನೆ. ಈ ಸಭೆಯ ಅರ್ಧ ಜನ ನನ್ನಿಂದ ಕಾರು ಕಲಿತವರು. ಉಳಿದರ್ಧ ಜನ ಅವರಿಂದ ರಸ್ತೆಯಲ್ಲಿ ತಪ್ಪಿಸಿಕೊಂಡವರು. ಆದ್ದರಿಂದ ಇಲ್ಲಿ ಅಪರಿಚಿತರು ಯಾರೂ ಇಲ್ಲವೆಂದು ಭಾವಿಸಿ ಮುಂದುವರಿಯುತ್ತೇನೆ.

ಇನ್ನೂ ಅರ್ಧ ಗಂಟೆಯಾಗಿಲ್ಲ. ಇದೇ ವೇದಿಕೆಯ ಮೇಲೆ ಮೇಯರ್ ಅವರು ಟ್ಯಾಮ್ಸಿನ್ ವೆಸ್ಟಕಾಟ್ ಎಂಬ ಹದಿನಾರರ ಹುಡುಗಿಯ ಕೋಟಿಗೆ ಬೆಳ್ಳಿ ಬಿಲ್ಲೆ ಸಿಕ್ಕಿಸಿದರು. ಆಗ ಸಭೆಯ ಒಂದು ಮೂಲೆಯಿಂದ ದೊಡ್ಡದೊಂದು ಸದ್ದು ಬಂತು. ಕೆಲವರು ಹಿಂತಿರುಗಿ ನೋಡಿದಿರಿ, ಬಾಗಿಲು ಕಿರುಗುಟ್ಟಿತೆಂದುಕೊಂಡಿರಿ. ಬಾಗಿಲಿಗೆ ಎಣ್ಣೆ ಬೇಕಾಗಿಲ್ಲ, ಅದು ನಾನು. ಚಳಿಗಾಲದಿಂದ ಹಿಡಿದಿಟ್ಟಿದ್ದ ಉಸಿರನ್ನು ಆಗ ಬಿಟ್ಟೆ. ಏಕೆಂದರೆ ಈ ಬಿಲ್ಲೆ ಈ ಹುಡುಗಿಯ ಕೈತಪ್ಪಿಯೇಬಿಟ್ಟಿತು ಎಂದು ನಾನು ನಂಬಿದ್ದ ದಿನಗಳಿವೆ. ತಪ್ಪಲಿಲ್ಲ. ಸಿಕ್ಕಿತು. ಇಗೋ, ಮೂರನೇ ಸಾಲಿನಲ್ಲಿ ಮಿನುಗುತ್ತಿದೆ.

ಪ್ರಶಸ್ತಿಯ ರೀತಿ ನಿಮಗೆ ಗೊತ್ತು. ಮಕ್ಕಳು ಒಂದು ವಿದ್ಯೆ ಕಲಿಯಬೇಕು, ಒಂದಿಷ್ಟು ಮೈ ದಣಿಸಬೇಕು, ಯಾರಿಗಾದರೂ ನೆರವಾಗಬೇಕು, ಕೊನೆಗೆ ಬೆನ್ನಿಗೆ ಗುಡಾರ ಹೊತ್ತು ಬಯಲುಬೆಟ್ಟ ಅಲೆದು ಒದ್ದೆ ಕಾಲುಚೀಲದೊಂದಿಗೆ ಮನೆಗೆ ಮರಳಬೇಕು. ಕಂಚು, ಬೆಳ್ಳಿ, ಚಿನ್ನ ಎಂದು ಮೂರು ಮೆಟ್ಟಿಲು, ಬೇಕಾದರೆ ಕಂಚು ಬಿಟ್ಟು ನೇರ ಬೆಳ್ಳಿಗೂ ಏರಬಹುದು. ವಿದ್ಯೆಯನ್ನು ತಿಂಗಳುಗಟ್ಟಲೆ ಬಿಡದೆ ಕಲಿಯಬೇಕು, ಕಲಿಸಿದವರು ಕೊನೆಯಲ್ಲಿ ‘ಹೌದು, ಕಲಿತಳು’ ಎಂದು ಬರೆದುಕೊಡಬೇಕು. ಕೆಲವರು ಕೇಕು ಕಲಿಯುತ್ತಾರೆ, ಕೆಲವರು ಗಿಟಾರು ಕಲಿಯುತ್ತಾರೆ. ಟ್ಯಾಮ್ಸಿನ್ ಆರಿಸಿಕೊಂಡದ್ದು ಗಂಟೆ. ಗಿಟಾರು ತಪ್ಪಾಗಿ ನುಡಿಸಿದರೆ ಮನೆಯವರಿಗೆ ತಲೆನೋವು. ಗಂಟೆ ತಪ್ಪಾಗಿ ಬಾರಿಸಿದರೆ ಮೂರು ಮೈಲಿಯ ದನಗಳಿಗೂ ತಲೆನೋವು. ಅಂಥ ವಿದ್ಯೆ ಅದು.

ಜೂನ್ ತಿಂಗಳ ಒಂದು ಮಂಗಳವಾರ ಅವಳು ನಮ್ಮ ಗೋಪುರದ ಸುತ್ತುಮೆಟ್ಟಿಲು ಹತ್ತಿ ಬಂದಳು. ಹಿಂದೆ ಅವಳ ತಾಯಿ ನಿಕೋಲಾ, ಅಂದರೆ ಶ್ರೀಮತಿ ವೆಸ್ಟಕಾಟ್, ದನದ ಡಾಕ್ಟರರ ಆಸ್ಪತ್ರೆಯಲ್ಲಿ ನಿಮ್ಮ ನಾಯಿ ಬೆಕ್ಕುಗಳ ಸರದಿ ಬರೆದುಕೊಳ್ಳುವವರು. ಅಂದು ಹಸಿರು ಕಾರ್ಡಿಗನ್ ಹಾಕಿದ್ದರು. ಅದು ಇಲ್ಲಿ ಅಪ್ರಸ್ತುತ.

ನಮ್ಮ ತಂಡದ ಹಿರಿಯ ಸದಸ್ಯೆ ವಿನ್ನಿ ಚಗ್ ಎಲ್ಲರಿಗೂ ಗೊತ್ತು. ಎಂಬತ್ತರ ಹತ್ತಿರದವರು, ಗೋಪುರದ ಆರು ಗಂಟೆಗಳಲ್ಲಿ ಮೊದಲ ಗಂಟೆ ಅವರದು, ಕೊನೆಯ ಮಾತೂ ಅವರದು. ಹುಡುಗಿಯನ್ನು ಮೇಲಿನಿಂದ ಕೆಳಗೆ ನೋಡಿದರು.

“ಏನೇ, ತೋಳು ನೋಡಿದ್ರೆ ಸೇಮಿಗೆ ಎಳೆ ಇದ್ದಂಗಿದೆ. ನೀನು ಗಂಟೆ ಬಾರಿಸ್ತೀಯೋ, ಗಂಟೆ ನಿನ್ನ ಬಾರಿಸುತ್ತೋ?”

“ಈ ವಯಸ್ಸಲ್ಲಿ ನೀವೇ ಎಳೀತೀರಲ್ಲ ಅಜ್ಜಿ, ನಂಗೇನು ಧಾಡಿ?”

“ಅಜ್ಜಿ ಅಂದ್ರೆ ಮೆಟ್ಟಿಲ ಮೇಲಿಂದ ಉರುಳಿಸ್ತೀನಿ. ವಿನ್ನಿ ಅನ್ನು.”

ಅಲ್ಲಿಗೆ ವಿನ್ನಿಯ ಪರೀಕ್ಷೆ ಮುಗಿಯಿತು, ಹುಡುಗಿ ಪಾಸು. ಆಮೇಲೆ ಹುಡುಗಿ ನನ್ನ ಪರೀಕ್ಷೆ ಶುರುಮಾಡಿದಳು.

“ಮಿಸ್ಟರ್ ಲಸ್ಕಂಬ್, ಡಿಸೆಂಬರ್ ತನಕ ಕಲಿಸ್ಬೇಕು. ಮಧ್ಯದಲ್ಲಿ ಎಲ್ಲಿಗಾದ್ರೂ ಹೋಗೋ ಯೋಚನೆ ಇದೆಯಾ ನಿಮಗೆ?”

“ಎಲ್ಲಿಗಮ್ಮ?”

“ಸ್ಪೇನ್‌ಗೆ.”

“ನಂಗೆ ಬಿಸಿಲು ಆಗಿಬರಲ್ಲ.”

ನಾನು ತಮಾಷೆಗೆ ಹೇಳಿದೆ. ಅವಳು ನಗಲಿಲ್ಲ. ತಾಯಿ ಕಿಟಕಿಯ ಕಡೆ ತಿರುಗಿದರು. ವಿನ್ನಿ ನನ್ನ ಕಾಲು ತುಳಿದರು. ಕಾರಣ ನನಗೆ ಆಮೇಲೆ ತಿಳಿಯಿತು, ಊರಿಗೆ ಮೊದಲೇ ತಿಳಿದಿತ್ತು. ಅದನ್ನಿಲ್ಲಿ ಹೇಳಲು ಅವಳ ಒಪ್ಪಿಗೆಯೂ ಇದೆ. ಹಿಂದೊಮ್ಮೆ ಅವಳು ಕಂಚಿನ ಬಿಲ್ಲೆಗೆ ಹೊರಟಿದ್ದಳು. ಮೀನು ಹಿಡಿಯುವ ವಿದ್ಯೆ. ಭಾನುವಾರ ಭಾನುವಾರ ನದಿಗೆ ಕರೆದೊಯ್ಯಬೇಕಾದವರು ಅಪ್ಪ. ನಾಲ್ಕಾರು ಭಾನುವಾರವಾದ ಮೇಲೆ ಅಪ್ಪ ಸ್ಪೇನಿಗೆ ಹೋದರು, ಅಲ್ಲೇ ಉಳಿದರು. ಗಾಳ ಗ್ಯಾರೇಜಿನಲ್ಲಿ ಉಳಿಯಿತು, ಕಂಚು ಕನಸಿನಲ್ಲಿ ಉಳಿಯಿತು. ಈ ಸಲ ಅವಳಿಗೆ ಬೇಕಾಗಿದ್ದದ್ದು ಬೆಳ್ಳಿ ಮಾತ್ರವೇ? ಅಲ್ಲ ಎಂದು ನನ್ನ ಅನಿಸಿಕೆ. ದೊಡ್ಡವರೊಬ್ಬರನ್ನು ನಂಬಿ ಶುರುಮಾಡಿದ ಕೆಲಸವೊಂದು ಕೊನೆ ಮುಟ್ಟುವುದನ್ನು ಅವಳು ಒಮ್ಮೆ ಕಣ್ಣಾರೆ ನೋಡಬೇಕಿತ್ತು.

ಸಭಿಕರೇ, ಗಂಟೆ ಬಾರಿಸುವುದೆಂದರೇನು? ಹಗ್ಗ ಜಗ್ಗುವುದು ಎನ್ನುತ್ತೀರಿ. ಅಲ್ಲವೇ ಅಲ್ಲ. ನಮ್ಮ ಗಂಟೆ ಬಾಯಿ ಮೇಲಾಗಿ ನಿಂತಿರುತ್ತದೆ, ಒಂದು ಹೋರಿಯಷ್ಟು ತೂಕ. ಹಗ್ಗವನ್ನು ತುಸು ಎಳೆದರೆ ಅದು ಉರುಳಿ ಪೂರ್ತಿ ಒಂದು ಸುತ್ತು ಸುತ್ತಿ ಮತ್ತೆ ಬಾಯಿ ಮೇಲಾಗಿ ನಿಲ್ಲುತ್ತದೆ. ಆ ಸುತ್ತಿನಲ್ಲಿ ಹಗ್ಗ ಮೇಲಕ್ಕೆ ಜಿಗಿಯುತ್ತದೆ. ಹಗ್ಗದ ನಡುವೆ ಪಟ್ಟೆಪಟ್ಟೆ ಉಣ್ಣೆಯ ಹಿಡಿಯೊಂದಿದೆ. ಅದನ್ನು ಸರಿಯಾದ ಹೊತ್ತಿಗೆ ಬಿಡಬೇಕು. ಬಿಡದಿದ್ದರೆ? ಗಂಟೆಗೆ ನಿಮ್ಮ ಪರಿಚಯವಿಲ್ಲ, ದಾಕ್ಷಿಣ್ಯವಿಲ್ಲ. ನಿಮ್ಮನ್ನೂ ಸೇರಿಸಿ ಮಾಡಿಗೆ ಎತ್ತಿಕೊಂಡು ಹೋಗುತ್ತದೆ.

ಇದಕ್ಕೆ ನಾನೊಂದು ಪದ ಕಟ್ಟಿದ್ದೇನೆ. ಪ್ರಾಸ ನನ್ನ ದೌರ್ಬಲ್ಯ. ಕಾರಿನಲ್ಲಿ ‘ಕನ್ನಡಿ ನೋಡು, ಸನ್ನೆಯ ಮಾಡು, ಆಮೇಲೆ ತಿರುವಿಗೆ ಗಾಡಿಯ ದೂಡು’ ಎಂದು ಕಲಿಸುತ್ತೇನಲ್ಲ, ಹಾಗೆ ಗೋಪುರದಲ್ಲಿ: ‘ಗಟ್ಟಿ ಹಿಡಿದವ ಗಾಳಿಗೆ ಏರ್ತಾನೆ, ಬಿಟ್ಟು ಹಿಡಿದವ ಗಂಟೆಯ ಬಾರ್ಸ್ತಾನೆ.’

“ಮಿಸ್ಟರ್ ಲಸ್ಕಂಬ್, ಪ್ರಾಸ ಇಲ್ದೆ ಹೇಳೋಕೆ ಬರಲ್ವಾ ನಿಮಗೆ?” ಎಂದಳು ಟ್ಯಾಮ್ಸಿನ್.

“ಬರುತ್ತೆ. ಆದ್ರೆ ನೆನಪಿರಲ್ಲ.”

“ನೆನಪಿರುತ್ತೆ, ಅದೇ ತೊಂದರೆ. ನಿನ್ನೆ ಗಣಿತದ ಪರೀಕ್ಷೇಲಿ ಇದೇ ತಲೇಲಿ ಸುತ್ತುತಾ ಇತ್ತು.”

ಕಾರು ಕಲಿಸುವಾಗ ನನಗೊಂದು ಧೈರ್ಯವಿರುತ್ತದೆ. ನನ್ನ ಕಾಲಡಿಯೂ ಒಂದು ಬ್ರೇಕ್ ಇದೆ. ನಿಮ್ಮಲ್ಲಿ ಬಹಳ ಜನ ಇಂದು ಸಶರೀರರಾಗಿ ಇಲ್ಲಿ ಕುಳಿತಿರುವುದು ಆ ಬ್ರೇಕಿನ ಕೃಪೆಯಿಂದ. ಗೋಪುರದಲ್ಲಿ ಅಂಥ ಬ್ರೇಕಿಲ್ಲ. ಮೊದಲ ವಾರಗಳಲ್ಲಿ ಕಲಿಯುವವರ ಎದುರು ನಿಂತು ನಾವೂ ಹಗ್ಗಕ್ಕೆ ಕೈ ಕೊಟ್ಟಿರುತ್ತೇವೆ. ಒಂದು ಸಂಜೆ ಕೈ ತೆಗೆಯಬೇಕಾಗುತ್ತದೆ. ಜುಲೈ ತಿಂಗಳಲ್ಲಿ ಒಂದು ಸಂಜೆ ನಾನು ಕೈ ತೆಗೆದೆ. ಅವಳು ಬಾರಿಸಿದಳು. ನನ್ನ ಬಲಗಾಲು ನೆಲವನ್ನು ಒತ್ತುತ್ತಲೇ ಇತ್ತು. ವಿನ್ನಿ ಅದನ್ನು ನೋಡಿ ನಕ್ಕರು.

ಊರಿನ ಕಿವಿಗಳ ಮೇಲಿನ ಕರುಣೆಯಿಂದ, ಕಲಿಯುವವರ ಗಂಟೆಯ ನಾಲಿಗೆಯನ್ನು ನಾವು ಕಟ್ಟಿರುತ್ತೇವೆ. ಗಂಟೆ ಸುತ್ತುತ್ತದೆ, ಸದ್ದಿಲ್ಲ. ಬೇಸಿಗೆಯೆಲ್ಲ ಅವಳು ಹಾಗೆ ಸದ್ದಿಲ್ಲದ ನಾಲ್ಕನೇ ಗಂಟೆ ಬಾರಿಸಿದಳು. ತಾಯಿ ಮೂಲೆಯ ಬೆಂಚಿನಲ್ಲಿ ಕಾಯುತ್ತಿದ್ದರು. ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಶುಂಠಿ ಕೇಕು. ಆ ಕೇಕಿನ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಮೇಲೆ ಗರಿ, ಒಳಗೆ ಮೆದು, ಅಂಚಿನಲ್ಲಿ ಬೆಲ್ಲದಂಥ ಅಂಟು. ನಿಕೋಲಾ ಅದನ್ನು ಎರಡು ದಿನ ಮುಂಚೆ ಮಾಡಿ ಕಾಗದದಲ್ಲಿ ಸುತ್ತಿಡುತ್ತಾಳೆ, ಕೂಡಲೇ ತಿಂದರೆ ಅವಳಿಗೆ ಸಿಟ್ಟು. ಸುತ್ತಿಡುತ್ತಾರೆ. ಅವರಿಗೆ ಸಿಟ್ಟು. ಇವು ಐದಾರು ಮಾತಾದವು, ಕ್ಷಮಿಸಿ.

ಸೆಪ್ಟೆಂಬರಿನಲ್ಲಿ ನಾಲಿಗೆ ಬಿಚ್ಚಿದೆವು. ನವೆಂಬರಿನ ಹೊತ್ತಿಗೆ ಅವಳು ನಮ್ಮ ಐವರೊಂದಿಗೆ ಆರನೆಯವಳಾಗಿ ಸಾಲಿನಲ್ಲಿ ಬಾರಿಸಬಲ್ಲವಳಾಗಿದ್ದಳು. ಆಗ ಬಂತು ಆ ಮದುವೆ.

ಮದುವೆಗೆ ಮುಂಚಿನ ಭಾನುವಾರ ಯುದ್ಧದಲ್ಲಿ ಮಡಿದವರ ಸ್ಮರಣೆಯ ದಿನ. ಆ ದಿನ ಗಂಟೆಯ ನಾಲಿಗೆಯ ಒಂದು ಮಗ್ಗುಲಿಗೆ ತೊಗಲಿನ ಮೆತ್ತೆ ಕಟ್ಟುವುದು ನಮ್ಮ ಪದ್ಧತಿ. ಒಂದು ಹೊಡೆತ ನಿಚ್ಚಳ, ಮರುಹೊಡೆತ ಮಸುಕು. ಬದುಕಿದವರದೊಂದು ದನಿ, ಹೋದವರದೊಂದು ಮಾರ್ದನಿ. ಯಾರು ಮೆತ್ತೆ ಕಟ್ಟುತ್ತಾರೋ ಅವರೇ ಬಿಚ್ಚಬೇಕು, ಅದೂ ಪದ್ಧತಿಯೇ. ಕಟ್ಟಿದ್ದು ನಮ್ಮ ತಂಡದ ಬ್ಯಾರಿ. ಬಿಚ್ಚಿದ್ದೂ ಬ್ಯಾರಿಯೇ. ಆದರೆ ಬಿಚ್ಚುವಾಗ ಅವರ ಕಿವಿಯಲ್ಲಿ ರಗ್ಬಿ ಪಂದ್ಯದ ವೀಕ್ಷಕವಿವರಣೆ ಓಡುತ್ತಿತ್ತು. ಇಂಗ್ಲೆಂಡ್ ತಂಡ ಗೆರೆ ದಾಟುವ ಸಮಯಕ್ಕೆ ಸರಿಯಾಗಿ ಬ್ಯಾರಿ ಮೂರನೇ ಗಂಟೆಯಿಂದ ಐದನೆಯದಕ್ಕೆ ದಾಟಿದರು. ಆ ಮಂಗಳವಾರ ಅಭ್ಯಾಸವೂ ಇರಲಿಲ್ಲ. ಬ್ಯಾರಿ ಇಲ್ಲೇ ಇದ್ದಾರೆ, ತಲೆ ತಗ್ಗಿಸಿದ್ದಾರೆ. ಎತ್ತಿ ಬ್ಯಾರಿ, ಎಲ್ಲ ಮುಗಿಯಿತು.

ಶನಿವಾರ ವಧೂವರರು ಬಾಗಿಲಿಗೆ ಬಂದರು. ಗಂಟೆ ಹೊರಡಿಸುವ ಎಂದಿನ ಕೂಗನ್ನು ವಿನ್ನಿ ಕೂಗಿದರು: “ಸಿದ್ಧಾನಾ? ಹೊರಡ್ತು... ಹೋಯ್ತು!” ಆರು ಗಂಟೆಗಳೂ ಹೊರಟವು. ಟ್ಯಾಮ್ಸಿನ್ ಊರಿಗೆಲ್ಲ ಕೇಳುವಂತೆ ಒಂದು ಮದುವೆಗೆ ಬಾರಿಸಿದ್ದು ಅದೇ ಮೊದಲು. ಮೊದಲ ಹೊಡೆತ ಸುಂದರ. ಎರಡನೆಯದರಲ್ಲಿ ನಾಲ್ಕನೇ ಗಂಟೆ ‘ಢಂ’ ಎನ್ನುವ ಬದಲು, ಹೊದಿಕೆಯೊಳಗೆ ಯಾರೋ ಕೆಮ್ಮಿದಂತೆ ಸದ್ದು ಮಾಡಿತು. ಮೂರನೆಯದು ಢಂ. ನಾಲ್ಕನೆಯದು ಕೆಮ್ಮು. ಐದು ಗಂಟೆಗಳು ಮದುವೆ ಮಾಡುತ್ತಿವೆ, ಒಂದು ಮಾತ್ರ ಹೊಡೆತ ಬಿಟ್ಟು ಹೊಡೆತ ಹೆಣ ಎತ್ತುತ್ತಿದೆ.

ಅವಳ ಮುಖ ನೋಡಿದೆ. ಬಿಳಿಚಿತ್ತು. ಹೊಸಬರು ಯಾರೇ ಆಗಲಿ ಅಲ್ಲಿ ಕೈ ಬಿಡುತ್ತಿದ್ದರು. ಅವಳು ಬಿಡಲಿಲ್ಲ. ವಿನ್ನಿ ‘ನಿಲ್ಲಿ’ ಎನ್ನುವ ತನಕ ಬಾರಿಸಿದಳು, ಹಗ್ಗ ಸುತ್ತಿಟ್ಟಳು, ಆಮೇಲೆ ಅತ್ತಳು.

“ನಾನು ಸರಿಯಾಗೇ ಎಳೆದೆ. ಸರಿಯಾಗೇ ಎಳೆದೆ ಅಂತ ನಂಗೊತ್ತು.”

“ನಂಗೂ ಗೊತ್ತು ಕಣೇ,” ಎಂದರು ವಿನ್ನಿ. “ನಿನ್ನ ಕೈ ಸರಿ ಇತ್ತು, ಅದರ ಗಂಟಲು ಸರಿ ಇರ್ಲಿಲ್ಲ. ಏನಯ್ಯಾ ನೀಲ್, ಮರದ ಹಾಗೆ ನಿಂತಿದ್ದೀಯಲ್ಲ, ಹತ್ತು ಮೇಲೆ!”

ಹತ್ತಿದೆ. ನಾಲ್ಕನೇ ಗಂಟೆಯ ನಾಲಿಗೆಗೆ ತೊಗಲು ಅಚ್ಚುಕಟ್ಟಾಗಿ ಕಟ್ಟಿಕೊಂಡೇ ಇತ್ತು.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ವಧುವಿನ ತಂದೆ ಈ ಸಭೆಯಲ್ಲಿಲ್ಲ, ಆದ್ದರಿಂದ ಅವರಿಗೆ ಹೆಸರೂ ಇಲ್ಲ. ಮದುವೆಯ ವಿಡಿಯೋ ತೆಗೆಸಿದ್ದರು, ಅದರಲ್ಲಿ ಮಗಳು ನಗುತ್ತಾ ಹೊರಬರುವಾಗ ಹಿನ್ನೆಲೆಯಲ್ಲಿ ಶೋಕ. ಬ್ಯಾರಿ ಮನೆಗೇ ಹೋಗಿ ಕ್ಷಮೆ ಕೇಳಿದರು. ಆ ತಂದೆ ಕಿವಿಗೊಡಲಿಲ್ಲ. ‘ಬಿಲ್ಲೆಯ ಆಸೆಗೆ ಹಗ್ಗ ಹಿಡಿದ ಹುಡುಗಿ ನನ್ನ ಮಗಳ ಮದುವೆ ಕೆಡಿಸಿದಳು, ತೊಗಲಿನ ಕಥೆ ಅವಳನ್ನು ಉಳಿಸಲು ಕಟ್ಟಿದ್ದು, ಇಂಥವಳು ವಿದ್ಯೆ ಕಲಿತಳೆಂದು ಬರೆದುಕೊಡುವ ಆ ಗುರುವಿನ ಕಾರು ಅವಳ ಮನೆಯ ಮುಂದೆ ಯಾಕೆ ನಿಂತಿರುತ್ತದೆ ವಿಚಾರಿಸಿ’ ಎಂದು ಪ್ರಶಸ್ತಿ ಸಮಿತಿಯ ನಮ್ಮ ಅಧ್ಯಕ್ಷರಿಗೆ ದೂರು ಹೋಯಿತು.

ಕಾರಿನ ವಿಷಯಕ್ಕೆ ಒಂದು ಸ್ಪಷ್ಟನೆ. ಕಾರು ಕಲಿಸುವವನ ಬದುಕಿನಲ್ಲಿ ಗುಟ್ಟೆಂಬುದಿಲ್ಲ. ಎಲ್ಲರ ಕಾರೂ ಎಲ್ಲಿ ಬೇಕಾದರೂ ನಿಲ್ಲಬಹುದು. ನನ್ನ ಕಾರಿನ ನೆತ್ತಿಯ ಮೇಲೆ ನನ್ನ ಹೆಸರು, ಫೋನ್ ನಂಬರು ಎರಡೂ ದಪ್ಪಕ್ಷರದಲ್ಲಿವೆ. ಶ್ರೀಮತಿ ವೆಸ್ಟಕಾಟ್ ಅವರಿಗೆ ಕಾರನ್ನು ಹಿಂದಕ್ಕೆ ತೆಗೆದು ನಿಲ್ಲಿಸುವುದರಲ್ಲಿ ತುಸು ತೊಡಕಿದೆ, ಅದಕ್ಕಾಗಿ ಕೆಲವು ಭಾನುವಾರ ಹೋಗಿದ್ದೆ ಎಂದು ನಾನು ಆಗ ಹೇಳಿದೆ.

“ಇಪ್ಪತ್ತು ವರ್ಷದಿಂದ ಗಾಡಿ ಓಡಿಸೋಳಿಗೆ ಅದೆಂಥ ಪಾಠನಯ್ಯಾ?” ಎಂದರು ವಿನ್ನಿ. “ಅದೂ ಭಾನುವಾರದ ಊಟದ ಹೊತ್ತಿಗೇ?”

“ಆ ಹೊತ್ತಿಗೆ ರಸ್ತೆ ಖಾಲಿ ಇರುತ್ತೆ ವಿನ್ನಿ.”

“ತಟ್ಟೆ ತುಂಬಿರುತ್ತೆ.”

ಆಮೇಲೆ ಅಧ್ಯಕ್ಷರ ಫೋನು ಬಂತು. ಮೇಡಂ, ನಿಮ್ಮ ತಪ್ಪಿಲ್ಲ. ನೀವು ಬಹಳ ಸೌಜನ್ಯದಿಂದಲೇ ಮಾತಾಡಿದಿರಿ. “ಮಿಸ್ಟರ್ ಲಸ್ಕಂಬ್, ಬೇಜಾರು ಮಾಡ್ಕೋಬೇಡಿ. ಕಲಿಸಿ ಬರೆದುಕೊಡೋರು ಮಗುವಿನ ಮನೆಯವರು ಆಗಿರಬಾರದು ಅಂತ ನಿಯಮ ಇದೆ. ನೀವು ಅವರ ಮನೆಯವರಲ್ಲ ತಾನೆ?”

ಅಲ್ಲ ಎಂದೆ. ಅದು ನಿಜವಾಗಿತ್ತು. ಆ ನಿಜ ನನಗೆ ಅಷ್ಟೊಂದು ಹಿಡಿಸಲಿಲ್ಲ ಎಂಬುದು ಬೇರೆ ಮಾತು, ಅದು ಈ ಭಾಷಣದ ವ್ಯಾಪ್ತಿಗೆ ಬರುವುದಿಲ್ಲ. ‘ದೂರು ಬಂದ ಮೇಲೆ ನಿಮ್ಮ ಬರಹವೊಂದೇ ಸಾಲದು, ಜನವರಿಯಲ್ಲಿ ಪಕ್ಕದೂರಿನ ಗೋಪುರದ ನಾಯಕರು ಬಂದು ಹುಡುಗಿ ಬಾರಿಸುವುದನ್ನು ನೋಡಲಿ, ಅವರು ಒಪ್ಪಿದರೆ ಬೆಳ್ಳಿ, ಇಲ್ಲವಾದರೆ ಇಲ್ಲ’ ಎಂದು ತೀರ್ಮಾನವಾಯಿತು. ಆ ಸಮಯದಲ್ಲಿ ನಾನು ಗೋಪುರದೊಳಗೆ ಇರಕೂಡದು.

ಟ್ಯಾಮ್ಸಿನ್‌ಗೆ ಹೇಳಿದೆ.

“ಇದೂ ಅರ್ಧಕ್ಕೇ ನಿಂತ್ರೆ,” ಎಂದಳು, “ಇನ್ನು ಮೇಲೆ ಏನೂ ಶುರು ಮಾಡಲ್ಲ ನಾನು.”

ಹದಿನಾರರ ಮಕ್ಕಳು ಹೇಳುವ ಮಾತುಗಳಲ್ಲಿ ಮುಕ್ಕಾಲನ್ನು ಗಾಳಿಗೆ ಬಿಡಬಹುದು. ಇದು ಉಳಿದ ಕಾಲು ಪಾಲಿಗೆ ಸೇರಿದ್ದು. ಅಂದಿನಿಂದ ನನ್ನ ಕಾರು ಆ ಬೀದಿಗೆ ಹೋಗಲಿಲ್ಲ. ರಸ್ತೆ ಅಗೆದಿದ್ದರು ಎಂದು ಕೇಳಿದವರಿಗೆ ಹೇಳುತ್ತಿದ್ದೆ. ಎಲ್ಲಿ ಅಗೆದಿದ್ದರು ಎಂದು ಯಾರೂ ಕೇಳಲಿಲ್ಲ, ನಮ್ಮ ಊರಿನ ದೊಡ್ಡತನ ಅದು. ಕ್ರಿಸ್‌ಮಸ್ ಬಂತು, ಹೋಯಿತು. ನಾನು ನನ್ನ ಅಡುಗೆಮನೆಯಲ್ಲಿ ಒಂದು ಸಣ್ಣ ಕೋಳಿಯನ್ನು ಒಬ್ಬನೇ ತಿಂದೆ. ಕೋಳಿಯ ಬಗ್ಗೆ ದೂರಿಲ್ಲ.

ಜನವರಿಯ ಆ ಬೆಳಿಗ್ಗೆ ಹುಲ್ಲಿನ ಮೇಲೆ ಬಿಳೀ ಇಬ್ಬನಿ ಗಟ್ಟಿಯಾಗಿತ್ತು. ಪಕ್ಕದೂರಿನ ನಾಯಕರು ಬಂದರು, ನನ್ನ ಕೈ ಕುಲುಕಿದರು, ಮುಗುಳುನಗುವಿನ ಖರ್ಚಿಲ್ಲದೆ ಮೆಟ್ಟಿಲೇರಿದರು. ನನ್ನ ಜಾಗದಲ್ಲಿ ನಿಂತು ಆರನೇ ಗಂಟೆ ಬಾರಿಸಲು ಅವರ ಊರಿನವರೇ ಒಬ್ಬರು. ಟ್ಯಾಮ್ಸಿನ್ ನನ್ನ ಕಡೆ ನೋಡದೆ ಒಳಹೋದಳು. ನಾನು ಚರ್ಚಿನ ಅಂಗಳದಲ್ಲಿ, ಗೋರಿಗಳ ನಡುವಿನ ಬೆಂಚಿನ ಮೇಲೆ ಕೂತೆ. ಅಲ್ಲಿ ಎರಡು ಬೆಂಚುಗಳಿವೆ. ಇನ್ನೊಂದರಲ್ಲಿ ನಿಕೋಲಾ. ನಡುವೆ ಹಿಂದಿನ ಕಾಲದ ಗಿರಣಿ ಯಜಮಾನರೊಬ್ಬರ ಗೋರಿ. ಅವರು ಮಾತ್ರ ಸಂಪೂರ್ಣ ನಿಷ್ಪಕ್ಷಪಾತಿ. ನಿಕೋಲಾ ಎದ್ದು, ಒಂದು ಲೋಟ ಚಹಾ ಬಗ್ಗಿಸಿ ಗಿರಣಿ ಯಜಮಾನರ ಮೇಲಿಟ್ಟು ತನ್ನ ಬೆಂಚಿಗೆ ಮರಳಿದಳು. ನಾನು ಎದ್ದುಹೋಗಿ ಲೋಟ ತೆಗೆದುಕೊಂಡು ನನ್ನ ಬೆಂಚಿಗೆ ಮರಳಿದೆ. ಯಾರಾದರೂ ಫೋಟೋ ತೆಗೆದಿದ್ದರೂ ಅದರಲ್ಲಿ ನಿಯಮ ಮುರಿದದ್ದು ಏನೂ ಕಾಣುತ್ತಿರಲಿಲ್ಲ.

ಮೇಲಿನಿಂದ ವಿನ್ನಿಯ ದನಿ: “ಸಿದ್ಧಾನಾ?”

ಆರು ಸ್ವರಗಳು ಮೆಟ್ಟಿಲಿಳಿಯುವಂತೆ ಒಂದರ ಹಿಂದೊಂದು ಇಳಿದವು. ಮತ್ತೆ ಇಳಿದವು. ನಾಲ್ಕನೆಯದು ತನ್ನ ಜಾಗದಲ್ಲಿ. ಮತ್ತೆ ತನ್ನ ಜಾಗದಲ್ಲಿ. ಎಷ್ಟು ಹೊತ್ತು ಹೀಗೆ ಹೋಯಿತೋ, ಒಮ್ಮೆ ನಾಲ್ಕನೆಯದು ತಡವಾಯಿತು. ಐದನೆಯದರ ಹಿಮ್ಮಡಿಗೆ ಎಡವಿತು. ನಿಕೋಲಾ ನನ್ನ ಕಡೆ ನೋಡಿದಳು. ನಾನು ಏನು ಮಾಡಲಿ? ಹಗ್ಗ ನನ್ನ ಕೈಯಲ್ಲಿಲ್ಲ, ಬ್ರೇಕು ನನ್ನ ಕಾಲಡಿಯಲ್ಲಿಲ್ಲ, ನನ್ನ ಪ್ರಾಸ ಯಾವುದೂ ಅಷ್ಟೆತ್ತರಕ್ಕೆ ಮುಟ್ಟುವುದಿಲ್ಲ. ಮಗು ಮೇಲಿದೆ, ನಾನು ಕೆಳಗಿದ್ದೇನೆ. ಮುಂದಿನ ಸಾಲು ಬಂತು. ಒಂದು, ಎರಡು, ಮೂರು... ನಾಲ್ಕು. ಸರಿಯಾಗಿ. ಎಲ್ಲಿರಬೇಕೋ ಅಲ್ಲಿ. ಮತ್ತೆ ಎಲ್ಲಿರಬೇಕೋ ಅಲ್ಲಿ. ಕೊನೆತನಕ ಅದು ಕದಲಲಿಲ್ಲ.

ಬಾಗಿಲು ತೆರೆಯಿತು. ಪಕ್ಕದೂರಿನ ನಾಯಕರು ಕೈಗವಸು ಹಾಕಿಕೊಳ್ಳುತ್ತಾ ನನ್ನ ಬಳಿ ನಿಂತರು.

“ತಪ್ಪಿದ್ಲು,” ಎಂದರು. “ತಪ್ಪಿದ್ದು ಅವಳಿಗೇ ಗೊತ್ತಾಯ್ತು. ಅವಳೇ ಸರಿ ಮಾಡ್ಕೊಂಡ್ಲು. ನನ್ನ ತಂಡದಲ್ಲಿ ಮೂವತ್ತು ವರ್ಷದಿಂದ ಬಾರಿಸೋರಿದ್ದಾರೆ, ಅವರಿಗೆ ತಪ್ಪಿದ್ದು ಇನ್ನೂ ಗೊತ್ತಾಗಲ್ಲ. ನಿಮಗೆ ಬೇಡದಿದ್ರೆ ಹೇಳಿ, ಹುಡುಗೀನ ನಾನು ಕರ್ಕೊಂಡು ಹೋಗ್ತೀನಿ.”

ಹಿಂದೆಯೇ ಟ್ಯಾಮ್ಸಿನ್ ಬಂದಳು, ಕೆನ್ನೆ ಕೆಂಪಗೆ. ನನ್ನನ್ನೇ ದಿಟ್ಟಿಸಿದಳು.

“ಯಾಕ್ ಹಿಂಗೆ ಕೈ ಆಡಿಸ್ತಿದ್ದೀರಾ?”

ನೋಡಿಕೊಂಡೆ. ಗಂಟೆಗಳು ನಿಂತು ಎಷ್ಟೋ ಹೊತ್ತಾಗಿತ್ತು. ನನ್ನ ಎರಡು ಕೈಗಳು ಗಾಳಿಯಲ್ಲಿ ಇಲ್ಲದ ಹಗ್ಗವನ್ನು ಇನ್ನೂ ಎಳೆಯುತ್ತಿದ್ದವು. ವಿನ್ನಿ ಮೆಟ್ಟಿಲ ಬುಡದಲ್ಲಿ ಏದುಸಿರು ಬಿಡುತ್ತಾ, “ಬಿಡೇ, ಅವನಿಗೆ ಚಳಿ,” ಎಂದರು. ಆಯುಷ್ಯದಲ್ಲಿ ಮೊದಲ ಸಲ ವಿನ್ನಿ ನನ್ನ ಪಕ್ಷ ವಹಿಸಿದರು.

ಹೀಗಾಗಿ, ಸಭಿಕರೇ, ಯುವಜನರು ಮತ್ತು ಹೊಸ ಹವ್ಯಾಸಗಳು. ಹವ್ಯಾಸವೆಂದರೇನು? ಅದು ಬಿಡುವಿನ ವೇಳೆಯ ಸದುಪಯೋಗವೇ? ಅದು ಶಿಸ್ತಿನ ಸೋಪಾನವೇ? ಅದು ನಾಳಿನ ನಾಗರಿಕರಿಗೆ ನಾವು ಇಂದೇ ತೋರುವ ದಾರಿದೀಪವೇ? ಇವನ್ನು ಬರೆದುಕೊಂಡು ಬಂದದ್ದು ನಾನೇ, ಆದರೆ ಉತ್ತರ ಬರೆದುಕೊಳ್ಳಲು ಮರೆತಿದ್ದೇನೆ. ಯುವಜನರ ಕೈಗೆ ಹಗ್ಗ ಕೊಡಬೇಕು, ಹಿರಿಯರು ಹಿಗ್ಗಬೇಕು, ಹಿಗ್ಗಿ ತಗ್ಗಬೇಕು, ತಗ್ಗಿ...

ಇಲ್ಲ. ಆಗುತ್ತಿಲ್ಲ. ಕ್ಷಮಿಸಿ.

ಯುವಜನರ ಬಗ್ಗೆ ನನಗೆ ಏನೂ ಗೊತ್ತಿಲ್ಲ. ನನಗೆ ಗೊತ್ತಿರುವುದು ಒಬ್ಬ ಹುಡುಗಿ. ಈ ವೇದಿಕೆಯ ಮೇಲೆ ಇಷ್ಟು ಹೊತ್ತು ನಾನು ಸಂಬಂಧವಿಲ್ಲದ ಒಬ್ಬ ಗುರುವಿನಂತೆ ನಟಿಸಿದೆ. ನಾನು ಸಂಬಂಧವಿಲ್ಲದವನಲ್ಲ. ನಿಕೋಲಾ ಮತ್ತು ನಾನು ಮದುವೆಯಾಗುತ್ತಿದ್ದೇವೆ. ಬಿಲ್ಲೆ ಕೈಗೆ ಬರುವ ತನಕ ಯಾರ ಬಾಯಲ್ಲೂ ಒಂದಕ್ಷರ ಬರಕೂಡದೆಂದು ಟ್ಯಾಮ್ಸಿನ್ ನಮ್ಮಿಬ್ಬರಿಗೂ ಕಟ್ಟಪ್ಪಣೆ ಮಾಡಿದ್ದಳು. ನಾವು ಮಾತು ಉಳಿಸಿಕೊಂಡೆವು. ಅಧ್ಯಕ್ಷರು ಈ ಸಂಜೆ ಐದು ನಿಮಿಷ ಮಾತಾಡಲು ಕರೆದಾಗ ನಾನು ಬರುವುದಿಲ್ಲ ಎಂದಿದ್ದೆ. ಹೋಗಿ ಎಂದು ಕಳಿಸಿದವಳೂ ಅವಳೇ. ಹೋಗಿ ಏನು ಹೇಳಲಿ ಎಂದು ಕೇಳಿದೆ. ಮೊನ್ನೆ ಅವರ ಮನೆಯ ಅಡುಗೆಕೋಣೆಯಲ್ಲಿ, ತಟ್ಟೆ ಒರೆಸುತ್ತಾ, ನನ್ನ ಕಡೆ ತಿರುಗದೆ ಅವಳು ಹೇಳಿದ್ದನ್ನು ಹಾಗೇ ಹೇಳುತ್ತೇನೆ.

“ಅಪ್ಪ ಹೋಗುವಾಗ ಯಾರಿಗೂ ಹೇಳದೆ ಹೋದ್ರು. ನೀವು ಬರೋದಾದ್ರೆ ಎಲ್ಲರಿಗೂ ಹೇಳಿ ಬನ್ನಿ, ನೀಲ್.”

ಎಲ್ಲರಿಗೂ ಹೇಳಿದ್ದೇನೆ. ಬರುತ್ತಿದ್ದೇನೆ. ಕೇಳಿಸಿಕೊಂಡದ್ದಕ್ಕೆ ನಿಮ್ಮೆಲ್ಲರಿಗೂ ಕೃತಜ್ಞತೆಗಳು, ನಮಸ್ಕಾರ.